ಎರಡು ಹನಿಯ ಲೆಕ್ಕ
ತೂಬಗೆರೆ ಕಡೆ ದ್ರಾಕ್ಷಿ ಸಿಹಿಯಾಯಿತೇ ಎಂದು ನೋಡಲು ನಾಲಿಗೆಯಿದೆ. ಸಕ್ಕರೆಯ ಬ್ರಿಕ್ಸ್ ಲೆಕ್ಕ ಬೇಕೆಂದರೆ ರಿಫ್ರಾಕ್ಟೋಮೀಟರ್. ಅದರ ಡಿಜಿಟಲ್ ತಮ್ಮನೊಬ್ಬ ಮೂತ್ರ ಅಳೆಯುತ್ತಾನೆ. ಮುಖ ಸಿಂಡರಿಸಬೇಡಿ, ಇಲ್ಲಿ ನಾಲಿಗೆಗೆ ಕೆಲಸವಿಲ್ಲ.

ಅಂಗೈಯಗಲದ ಪೆಟ್ಟಿಗೆ, ಮೇಲೊಂದು ಬೊಟ್ಟಿನಷ್ಟು ಗುಳಿ, ಅದರ ತಳದಲ್ಲಿ ಪಟ್ಟಕ. ಮೊದಲು ಶುದ್ಧ ನೀರು ಬಿಟ್ಟು ಆರಂಭದ ಅಂಕಿಗೆ ಕೂರಿಸಬೇಕು. ಒರೆಸಿ, ಎರಡು ಮೂರು ಹನಿ ಮೂತ್ರ ಬಿಟ್ಟು ಗುಂಡಿ ಒತ್ತಿದರೆ ಕ್ಷಣದಲ್ಲಿ ಅಂಕಿ. ಯೂರಿಯಾ, ಲವಣ ಹೆಚ್ಚು ಕರಗಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗುಟ್ಟು ಇಷ್ಟೇ. ಅಂಕಿ ಎಂದರೆ ಸಾಪೇಕ್ಷ ಸಾಂದ್ರತೆ: ನೀರಿಗೆ 1.000; ಮೂತ್ರ 1.020 ದಾಟಿದರೆ ಮೈ ನೀರು ಕೇಳುತ್ತಿದೆ ಎಂಬುದು ಕ್ರೀಡಾ ವೈದ್ಯಕೀಯದ ಎಣಿಕೆ. ಸಕ್ಕರೆ, ಪ್ರೋಟೀನ್ ಬೆರೆತಿದ್ದರೂ ಅಂಕಿ ಏರುತ್ತದೆ. ಕರಗಿದ್ದು ಯಾವುದೆಂದು ಪಾಪ ಅದಕ್ಕೇನು ಗೊತ್ತು!

ಏಪ್ರಿಲ್ ಬಿಸಿಲಲ್ಲಿ ಗುದ್ದಲಿ ಹಿಡಿದವನು ‘ನಂಗೇನ್ ದಾಹ ಇಲ್ಲ, ಬುಡಣ್ಣ’ ಅಂದರೂ ಪರದೆಯಲ್ಲಿ 1.028 ಬಂದರೆ, ಚೊಂಬು ಮೊದಲು ಅವನ ಕೈಗೇ ಹೋಗಬೇಕು.