ಮುಳುಗದ ಸೂರ್ಯ, ಮಲಗದ ಮುಅಝ್ಝಿನ್

ಬೇಸಿಗೆಯಲ್ಲಿ ಉತ್ತರದ ಕೊನೆಯ ನಾಡುಗಳಿಗೆ ಹೋಗಿ ಬಂದವರು ಕನ್ನಡದಲ್ಲಿ ಬರೆಯುವ ಲೇಖನಗಳಿಗೆ ಈಗ ಒಂದು ಸಿದ್ಧ ಅಚ್ಚು ಇದೆ. ನಾರ್ವೆಯ ನಾರ್ಡ್‌ಕಾಪ್ ಬಂಡೆಯ ಮೇಲೆ ನಿಂತ ಫೋಟೋ, ಕೈಗಡಿಯಾರದಲ್ಲಿ ರಾತ್ರಿ ಹನ್ನೆರಡು, ಹಿಂದೆ ಕಿತ್ತಳೆ ಬಣ್ಣದ ಸೂರ್ಯ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಹೀಗಾಗುತ್ತದೆ ಎಂಬ ಒಂದು ಪ್ಯಾರಾ. ಕೊನೆಗೆ ಪ್ರಕೃತಿಯ ವಿಸ್ಮಯದ ಮುಂದೆ ಮನುಷ್ಯ ಎಷ್ಟು ಸಣ್ಣವನು ಎಂಬ ಉದ್ಗಾರ. ಭಾನುವಾರದ ಪುರವಣಿಗಳಲ್ಲಿ ಇಂಥ ಬರಹಗಳನ್ನು ನಾವು ಬಹಳಷ್ಟು ಓದಿದ್ದೇವೆ. ಇವುಗಳಲ್ಲಿ ಒಂದು ವಿಚಿತ್ರವಿದೆ: ಯಾರೂ ಮಲಗುವುದೇ ಇಲ್ಲ. ಊಟ ಯಾವಾಗ ಮಾಡಿದರು, ಕಿಟಕಿಗೆ ಏನು ಕಟ್ಟಿದರು, ಮೂರನೆಯ ದಿನ ತಲೆ ಹೇಗಿತ್ತು ಎಂಬ ಸುದ್ದಿಯೇ ಇಲ್ಲ. ಕಣ್ಣು ಮಾತ್ರ ಪ್ರವಾಸಕ್ಕೆ ಹೋಗಿದೆ, ದೇಹವನ್ನು ಇಲ್ಲೇ ಬಿಟ್ಟು ಹೋದಂತಿದೆ.

ಧಾರವಾಡಕ್ಕೆ ಪ್ರವಾಸ ಕಥನ ಹೊಸದಲ್ಲ. ಆಕ್ಸ್‌ಫರ್ಡಿಗೆ ಹೋದ ವಿ.ಕೃ. ಗೋಕಾಕರು 'ಸಮುದ್ರದಾಚೆಯಿಂದ' ಬರೆದ ಕಾಲಕ್ಕೆ ಹೊರದೇಶಕ್ಕೆ ಹೋಗುವುದೇ ಅಪರೂಪವಾಗಿತ್ತು. ಈಗ ಹಾಗಿಲ್ಲ. ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ಸ್ಟಾಕ್‌ಹೋಮಿನಲ್ಲಿ, ಹೆಲ್ಸಿಂಕಿಯಲ್ಲಿ ಕೆಲಸಕ್ಕಿದ್ದಾರೆ. ತಂದೆತಾಯಂದಿರು ಬೇಸಿಗೆಗೆಂದೇ ವೀಸಾ ಮಾಡಿಸಿಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಉದ್ಗಾರವಲ್ಲ. ಅಲ್ಲಿ ಹೊತ್ತು ಕಳೆಯುವುದು ಹೇಗೆ ಎಂಬ ತಿಳಿವಳಿಕೆ.

'ಹೊತ್ತು' ಎಂಬ ಮಾತನ್ನೇ ನೋಡಿ. ನಮ್ಮ ಕಡೆ ಅದಕ್ಕೆ ಸೂರ್ಯ ಎಂತಲೂ ಅರ್ಥ, ಕಾಲ ಎಂತಲೂ ಅರ್ಥ. ಹೊತ್ತು ಮೂಡುತ್ತದೆ, ಹೊತ್ತು ಮುಳುಗುತ್ತದೆ, ಬರಲು ಹೊತ್ತಾಗುತ್ತದೆ. ಎರಡೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದಕ್ಕೆ ಕಾರಣವಿದೆ. ಧಾರವಾಡ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಅಕ್ಷಾಂಶದಲ್ಲಿ. ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆಗಿಂತ ತುಸು ಹೆಚ್ಚು. ವರ್ಷವಿಡೀ ಎರಡು ಗಂಟೆಯೂ ವ್ಯತ್ಯಾಸವಿಲ್ಲ. ಬೇಂದ್ರೆಯವರ 'ಬೆಳಗು' ಹುಟ್ಟಿದ್ದು ದಿನದಿನವೂ ನಂಬಿಕೆಯಿಂದ ಬರುವ ಇಂಥ ಬೆಳಗಿನಿಂದ. ಸ್ವಾಲ್‌ಬಾರ್ಡ್ ದ್ವೀಪದ ನೂ-ಒಲೆಸುಂಡ್‌ನಲ್ಲಿ 2008ರಲ್ಲಿ ಆರಂಭವಾದ ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರವಿದೆ. ಅಲ್ಲಿ ಏಪ್ರಿಲ್ ಮೂರನೆಯ ವಾರ ಮೇಲೆ ಬಂದ ಸೂರ್ಯ ಆಗಸ್ಟ್ ಕೊನೆಯವರೆಗೆ ಕೆಳಗಿಳಿಯುವುದಿಲ್ಲ. ಅಲ್ಲಿ ಹೊತ್ತು ಇರುತ್ತದೆ, ಹೊತ್ತು ಹೋಗುವುದಿಲ್ಲ. ಈ ಕಷ್ಟವನ್ನು ಕನ್ನಡದಲ್ಲಿ ಹೇಳುವುದೇ ಒಂದು ಸವಾಲು. ನಮ್ಮ ಪ್ರವಾಸಿ ಲೇಖಕರು ಅದನ್ನು ಕೈಗೆತ್ತಿಕೊಂಡೇ ಇಲ್ಲ.

ಹಾಗಾದರೆ ಕೈಗೆತ್ತಿಕೊಂಡವರು ಯಾರು? ಸಾವಿರದ ನೂರು ವರ್ಷಗಳ ಹಿಂದಿನ ಒಂದು ಬರಹವನ್ನು ನಾವಿಲ್ಲಿ ಮುಂದಿಡಬಯಸುತ್ತೇವೆ.

ಅಬ್ಬಾಸಿ ಖಲೀಫ ಮುಕ್ತದಿರ್ ಕಳಿಸಿದ ನಿಯೋಗದೊಂದಿಗೆ ಇಬ್ನ್ ಫದ್ಲಾನ್ 921ರಲ್ಲಿ ಬಗ್ದಾದ್ ಬಿಟ್ಟು, 922ರ ಮೇ ತಿಂಗಳಲ್ಲಿ ವೋಲ್ಗಾ ತೀರದ ಬಲ್ಗಾರ್ ದೊರೆಯ ಬಳಿ ತಲುಪಿದ. ಇಂದಿನ ತಾತಾರಸ್ತಾನದ ಪ್ರದೇಶ, ಸುಮಾರು 55 ಡಿಗ್ರಿ ಉತ್ತರ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುತ್ತಾನೆ, ಆದರೆ ಸಂಜೆಯ ನಸುಬೆಳಕು ಆರುವುದೇ ಇಲ್ಲ. ಅದು ಹಾಗೆಯೇ ಮುಂಜಾವಿನ ಬೆಳಕಿಗೆ ಕೂಡಿಕೊಳ್ಳುತ್ತದೆ. ಇಬ್ನ್ ಫದ್ಲಾನ್ ಇದನ್ನು ತಿಳಿದದ್ದು ಆಕಾಶ ನೋಡಿ ಅಲ್ಲ. ಬಗ್ದಾದಿನಿಂದ ಬಂದಿದ್ದ ಒಬ್ಬ ದರ್ಜಿಯೊಂದಿಗೆ ಡೇರೆಯೊಳಗೆ ಮಾತಾಡುತ್ತ ಇಶಾ ನಮಾಝಿನ ಬಾಂಗ್‌ಗಾಗಿ ಕಾಯುತ್ತಿದ್ದ. ಸ್ವಲ್ಪವೇ ಹೊತ್ತಿನಲ್ಲಿ ಬಾಂಗ್ ಕೇಳಿಸಿತು. ಹೊರಗೆ ಬಂದರೆ ಬೆಳಕು ಹರಿದಿದೆ! ಕೂಗಿದ್ದು ಫಜ್ರ್‌ನ ಬಾಂಗ್. ಇಶಾ ಎಲ್ಲಿ ಹೋಯಿತೆಂದು ಕೇಳಿದರೆ, ಇಲ್ಲಿ ಅದನ್ನು ಮಗ್‌ರಿಬ್ ಜೊತೆಗೇ ಮುಗಿಸುತ್ತೇವೆ ಎಂದು ಮುಅಝ್ಝಿನ್ ಹೇಳುತ್ತಾನೆ. ಬೆಳಗಿನ ನಮಾಝ್ ತಪ್ಪೀತೆಂಬ ಭಯದಿಂದ ತಾನು ಒಂದು ತಿಂಗಳಿನಿಂದ ಮಲಗಿಲ್ಲ ಎಂದೂ ಹೇಳುತ್ತಾನೆ. ಸೂರ್ಯ ಮುಳುಗುವಾಗ ಒಲೆಯ ಮೇಲಿಟ್ಟ ಗಡಿಗೆ ಫಜ್ರ್ ಮುಗಿದರೂ ಕುದಿದಿರುವುದಿಲ್ಲವಂತೆ.

ಈ ಗಡಿಗೆಯ ಮಾತಿನಲ್ಲಿ ಉತ್ಪ್ರೇಕ್ಷೆ ಇದೆ, ಇರಲಿ. ಆ ರಾತ್ರಿಯ ಅಳತೆ ಗಡಿಯಾರದ ಫೋಟೋದಲ್ಲಿ ಸಿಗದಷ್ಟು ಇದರಲ್ಲಿ ಸಿಗುತ್ತದೆ. ಒಲೆ, ಗಡಿಗೆ, ನಿದ್ದೆಗೆಟ್ಟ ಒಬ್ಬ ಮನುಷ್ಯ: ಇಷ್ಟರಿಂದಲೇ ಆ ನಾಡು ನಮ್ಮ ಮೈಗೆ ತಾಗುತ್ತದೆ. ಇಬ್ನ್ ಫದ್ಲಾನ್ ಬಹಳ ಮೃದು ಸ್ವಭಾವದ ಪ್ರವಾಸಿಯಲ್ಲ. ದಾರಿಯಲ್ಲಿ ಕಂಡ ಜನರ ಬಗ್ಗೆ ಮೂಗು ಮುರಿಯುತ್ತಾನೆ, ಅವರ ಶುಚಿತ್ವವನ್ನು ಹೀಗಳೆಯುತ್ತಾನೆ. ಆದರೆ ಅವನು ಸೂರ್ಯನೊಂದಿಗೆ ದಿನಕ್ಕೆ ಐದು ಸಲ ವ್ಯವಹಾರ ಇಟ್ಟುಕೊಂಡವನು. ಸೂರ್ಯ ಲೆಕ್ಕ ತಪ್ಪಿದರೆ ಅವನ ದಿನದ ಲೆಕ್ಕವೂ ತಪ್ಪುತ್ತದೆ. ಅವನಿಗೆ ಕಂಡದ್ದು ಬರೀ ನೋಡಲು ಹೋದವರಿಗೆ ಕಾಣದಿರುವುದಕ್ಕೆ ಇದೇ ಕಾರಣವೆಂದು ನಮಗನಿಸುತ್ತದೆ. ನಮಾಝಿನ ಜಾಗದಲ್ಲಿ ಹೈನುಗಾರಿಕೆ ಇರಬಹುದು, ಕೂಸಿನ ಹಾಲೂಡಿಕೆ ಇರಬಹುದು. ಹೊತ್ತಿಗೆ ಕಟ್ಟುಬಿದ್ದವರು ಮಾತ್ರ ಹೊತ್ತು ಕೆಟ್ಟದ್ದನ್ನು ಗುರುತಿಸಬಲ್ಲರು.

ಆ ಮುಅಝ್ಝಿನ್‌ನ ಕಷ್ಟ ಮುಂದೆ ದೊಡ್ಡ ಚರ್ಚೆಯೇ ಆಯಿತು. ಇಶಾ ನಮಾಝಿನ ಹೊತ್ತೇ ಬಾರದ ಊರಿನಲ್ಲಿ ಇಶಾ ಕಡ್ಡಾಯವೇ? ಖ್ವಾರಝ್ಮಿನ ಬಕ್ಕಾಲಿ ಇಲ್ಲವೆಂದರು. ವುಝೂವಿನಲ್ಲಿ ಕಡ್ಡಾಯವಾಗಿರುವುದು ನಾಲ್ಕು. ಕೈಕಾಲು ಕತ್ತರಿಸಿಹೋದವನಿಗೆ ಎಷ್ಟು ಉಳಿಯುತ್ತದೆ ಎಂಬುದು ಅವರು ಒಡ್ಡಿದ ಪ್ರಶ್ನೆ. ತೊಳೆಯಲು ಅಂಗವೇ ಇಲ್ಲದಿದ್ದರೆ ತೊಳೆಯುವ ಕಡ್ಡಾಯವೂ ಇಲ್ಲ, ನಮಾಝಿಗೂ ಹಾಗೆಯೇ ಎಂಬ ತರ್ಕ. ಬೇರೆ ಹನಫಿ ವಿದ್ವಾಂಸರು ಇದನ್ನು ಒಪ್ಪಲಿಲ್ಲ. 1870ರಲ್ಲಿ ಕಝಾನ್ ನಗರದ ಶಿಹಾಬುದ್ದೀನ್ ಮರ್ಜಾನಿ, ನಸುಬೆಳಕು ಆರದಿದ್ದರೂ ಇಶಾ ಕಡ್ಡಾಯವೆಂದು ಒಂದು ಗ್ರಂಥವನ್ನೇ ಬರೆದರು. ಒಂದು ದಿನ ಒಂದು ವರ್ಷದಷ್ಟು ದೀರ್ಘವಾಗುವ ಕಾಲದ ಬಗ್ಗೆ ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಹದೀಸ್ ಇದೆ. ಆ ದಿನಕ್ಕೆ ಒಂದು ದಿನದ ನಮಾಝ್ ಸಾಕೇ ಎಂದು ಸಂಗಡಿಗರು ಕೇಳಿದಾಗ, ಸಾಲದು, ಅಂದಾಜು ಮಾಡಿಕೊಳ್ಳಿ ಎಂಬ ಅರ್ಥದ ಉತ್ತರ ಪ್ರವಾದಿಯವರಿಂದ(ಸ) ಬರುತ್ತದೆ. ಕಡ್ಡಾಯ ಎನ್ನುವವರಿಗೆ ಇದು ಆಧಾರ. ಧ್ರುವದ ಹಗಲನ್ನು ನಮ್ಮವರು ಮೊದಲೇ ಹೇಳಿದ್ದರು ನೋಡಿ ಎಂದು ಬೀಗುವ ಲೇಖನಗಳೂ ಬರುತ್ತವೆ. ಅವು ಪುರವಣಿಯ ಉದ್ಗಾರಗಳಷ್ಟೇ ಸೋಮಾರಿ ಬರಹಗಳು. ಇಲ್ಲಿ ಗಮನಿಸಬೇಕಾದದ್ದು ಬೇರೆ: ಇಷ್ಟು ಶತಮಾನ ವಿದ್ವಾಂಸರು ಭಿನ್ನಾಭಿಪ್ರಾಯ ಇಟ್ಟುಕೊಂಡೇ ಜೊತೆಗಿದ್ದರು.

ಸಿನಿಮಾದ ಮಾತು. ಇಬ್ನ್ ಫದ್ಲಾನನನ್ನು ಹಾಲಿವುಡ್ 1999ರಲ್ಲಿ 'ದ ಥರ್ಟೀನ್ತ್ ವಾರಿಯರ್' ಆಗಿ ಮಾಡಿತು. ಕತ್ತಿಯನ್ನು ಇಟ್ಟುಕೊಂಡಿತು, ಗಡಿಗೆಯನ್ನು ಬಿಟ್ಟಿತು. ದಾಸ್ತೋವ್‌ಸ್ಕಿಯ 1848ರ 'ಬಿಳಿ ರಾತ್ರಿಗಳು' ಕಥೆಗೆ ಆ ಹೆಸರು ಬಂದದ್ದೇ ಪೀಟರ್ಸ್‌ಬರ್ಗಿನಲ್ಲಿ ಜೂನ್ ತಿಂಗಳಲ್ಲಿ ಕತ್ತಲಾಗದಿರುವುದರಿಂದ. ಸಂಜಯ್ ಲೀಲಾ ಭನ್ಸಾಲಿ 2007ರಲ್ಲಿ ಅದನ್ನು 'ಸಾವರಿಯಾ' ಮಾಡುವಾಗ ಇಡೀ ಊರನ್ನು ಕಡುನೀಲಿ ಕತ್ತಲಲ್ಲಿ ಅದ್ದಿಬಿಟ್ಟರು. ನಮ್ಮಲ್ಲಿ ಪ್ರೇಮಕ್ಕೆ ಕತ್ತಲೆ ಬೇಕು, ನಿಜ. ಆದರೆ ಹೆಸರಿನಲ್ಲಿದ್ದ ಬೆಳಕನ್ನೇ ಆರಿಸಿದ ರೂಪಾಂತರ ಇದು. 1997ರ ನಾರ್ವೆಯ 'ಇನ್‌ಸೋಮ್ನಿಯಾ' ಚಿತ್ರವೂ 2002ರಲ್ಲಿ ಕ್ರಿಸ್ಟೋಫರ್ ನೋಲನ್ ಅದನ್ನು ಅಲಾಸ್ಕಾಕ್ಕೆ ಒಯ್ದು ಮಾಡಿದ ಚಿತ್ರವೂ ಹೆಚ್ಚು ಪ್ರಾಮಾಣಿಕ. ಹೊರಗಿನಿಂದ ಬಂದ ಪತ್ತೇದಾರನಿಗೆ ನಿದ್ದೆಯೇ ಬರುವುದಿಲ್ಲ. ಕಿಟಕಿ ಮುಚ್ಚಿದಷ್ಟೂ ಬೆಳಕು ಸಂದಿಯಿಂದ ನುಸುಳುತ್ತದೆ. ಆದರೆ ಇಲ್ಲಿ ಬೆಳಕು ಅಪರಾಧಿ ಮನಸ್ಸಿನ ರೂಪಕ. ತಪ್ಪು ಮಾಡದವನಿಗೂ ಅಲ್ಲಿ ನಿದ್ದೆ ಬಾರದು ಎಂಬ ಸರಳ ಸತ್ಯಕ್ಕೆ ಎಡೆಯಿಲ್ಲ.

ಆ ಸತ್ಯ ಇಷ್ಟೇ. ಕತ್ತಲಾದರೆ ಮೆದುಳಿನಲ್ಲಿ ಮೆಲಟೋನಿನ್ ಸ್ರವಿಸಿ ನಿದ್ದೆಗೆ ದಾರಿ ಮಾಡುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದು ತಡೆಯುತ್ತದೆ. ಮೈಯೊಳಗಿನ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ನಿಧಾನ. ದಿನವೂ ಸರಿಪಡಿಸದಿದ್ದರೆ ಮಲಗುವ ಹೊತ್ತು ಮುಂದೆ ಮುಂದೆ ಜಾರುತ್ತದೆ. ಅಲ್ಲಿನ ಜನ ಬೆಳಕು ನುಸುಳದ ದಪ್ಪ ಪರದೆ ಇಳಿಬಿಡುತ್ತಾರೆ. ಹೋದವರು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು, ಆಕಾಶ ಬಿಟ್ಟು ಗಡಿಯಾರ ನೋಡಿ ಉಣ್ಣಬೇಕು, ಮಲಗುವ ಒಂದೆರಡು ತಾಸು ಮೊದಲೇ ಮನೆಯೊಳಗೆ ಮಬ್ಬು ಮಾಡಿಕೊಳ್ಳಬೇಕು, ಬೆಳಿಗ್ಗೆ ಎದ್ದು ಹೊರಗೆ ಅಡ್ಡಾಡಬೇಕು.

ಹೇಳಲು ಸುಲಭ. ಬರೆಯದೆ ಉಳಿದಿರುವ ಕಥೆ ಇರುವುದು ಇಲ್ಲಿಯೇ. ಧಾರವಾಡದಿಂದ ಮಗನ ಮನೆಗೆ ಹೋದ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಮೂರುಸಂಜೆ ಹೊತ್ತಿಗೆ ಮಲಗಬಾರದು, ಕಸ ಹೊಡೆಯಬಾರದು ಎಂದು ಎಪ್ಪತ್ತು ವರ್ಷ ನಡೆದು ಬಂದವಳು. ಹಿಂದೂ ಮನೆಯಲ್ಲಿ ದೀಪ ಹಚ್ಚುವ ಹೊತ್ತು, ಮುಸ್ಲಿಮ್ ಮನೆಯಲ್ಲಿ ಮಗ್‌ರಿಬ್ ಹೊತ್ತು. ನಿಯಮ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಧಾರವಾಡದಲ್ಲಿ ಜೂನ್‌ನಲ್ಲಿ ಏಳು ಗಂಟೆಯ ಸುಮಾರಿಗೆ ಆಗುವ ಆ ಹೊತ್ತು ಸ್ಟಾಕ್‌ಹೋಮಿನಲ್ಲಿ ರಾತ್ರಿ ಹತ್ತಕ್ಕೆ ಬರುತ್ತದೆ, ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಎರಡು ತಿಂಗಳು ಬರುವುದೇ ಇಲ್ಲ. ಮೊಮ್ಮಗನನ್ನು ಎಂಟಕ್ಕೇ ಮಲಗಿಸಬೇಕೆಂದು ಸೊಸೆ ಪರದೆ ಎಳೆಯುತ್ತಾಳೆ. 'ಹೊತ್ತಿದ್ದಾಂಗ ಮಲಗಸ್ತೀ ಏನವಾ' ಎಂದು ಅಜ್ಜಿ ಅನ್ನದೆ ಇದ್ದಾಳೆಯೆ? ಪರದೆ ಎಳೆಯುವ ಕೈ ಸಾಮಾನ್ಯವಾಗಿ ಹೆಂಗಸಿನದು, ಪ್ರವಾಸ ಕಥನ ಬರೆಯುವ ಕೈ ಸಾಮಾನ್ಯವಾಗಿ ಗಂಡಸಿನದು. ಪುರವಣಿಗಳಲ್ಲಿ ನಿದ್ದೆಯ ಸುದ್ದಿ ಬಾರದಿರಲು ಇದೂ ಒಂದು ಕಾರಣವಿರಬೇಕು.

2015ರಲ್ಲಿ ರಮಝಾನ್ ಜೂನ್ ತಿಂಗಳ ನಡುವೆ ಆರಂಭವಾಯಿತು. ಸ್ಟಾಕ್‌ಹೋಮಿನಲ್ಲಿ ಉಪವಾಸ ಸುಮಾರು 20 ಗಂಟೆ. ಇನ್ನೂ ಉತ್ತರದ ಕಿರುನಾದಲ್ಲಿ ಸೂರ್ಯಾಸ್ತವೇ ಇಲ್ಲ. ಅಲ್ಲಿನ ಮುಸ್ಲಿಮರಲ್ಲಿ ಕೆಲವರು ಸ್ಟಾಕ್‌ಹೋಮಿನ ವೇಳೆ ಹಿಡಿದರು, ಕೆಲವರು ಮಕ್ಕಾದ್ದು. ಟ್ರೊಮ್ಸೊದವರೂ ಮಕ್ಕಾದ ವೇಳೆಯನ್ನೇ ಆಯ್ದುಕೊಂಡರು. ಹೊರಗೆ ಬಿಸಿಲು ಕಾಯುತ್ತಿರುವಾಗ ಪರದೆ ಎಳೆದು ಇಫ್ತಾರ್ ಮಾಡಿದವರಿಗೆ ಏನನ್ನಿಸಿತು? ಇಷ್ಟು ದೊಡ್ಡ ಅನುಭವದ ಬಗ್ಗೆ ನಮ್ಮ ಕಡೆಯಿಂದ ಹೋದವರು ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಚಾಂದ್ರಮಾನದ ಲೆಕ್ಕದಂತೆ 2030ರಲ್ಲಿ ರಮಝಾನ್ ಎರಡು ಸಲ ಬರುತ್ತದೆ, ಜನವರಿ ಮೊದಲಿಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಆಗ ಟ್ರೊಮ್ಸೊದಲ್ಲಿ ಸೂರ್ಯ ಮೂಡುವುದೇ ಇಲ್ಲ, ಇಫ್ತಾರ್‌ನ ಹೊತ್ತನ್ನು ಮತ್ತೆ ಗಡಿಯಾರದಲ್ಲೇ ನೋಡಬೇಕು.