ಚೆನ್ನಿಗರಾಯನ ಮೆಟ್ಟು ಮತ್ತು ಕೂಲಿಯ ಪ್ರಶ್ನೆ

ಬಿ.ಎ. ವಿದ್ಯಾರ್ಥಿಗಳನ್ನು ಕರಕೊಂಡು ಬೇಲೂರಿಗೆ ಹೋಗಿದ್ದೆ. ಚೆನ್ನಕೇಶವ ದೇವಾಲಯದ ಗೈಡು ಎಲ್ಲರಿಗೂ ತೋರಿಸುವುದನ್ನೇ ನಮಗೂ ತೋರಿಸಿದ: ದರ್ಪಣಸುಂದರಿ, ತನ್ನ ಭಾರದ ಮೇಲೇ ನಿಂತ ಕಂಬ, ಕಪ್ಪೆ ಚೆನ್ನಿಗರಾಯ. ಕೊನೆಗೆ, ನಾವು ಚಪ್ಪಲಿ ಬಿಟ್ಟಿದ್ದ ಜಾಗಕ್ಕೆ ವಾಪಸು ಬರುವಾಗ, ದೇವರ ಮೆಟ್ಟಿನ ಕತೆಯನ್ನೂ ಹೇಳಿದ. ಸ್ವಾಮಿ ಆಗಾಗ ಬಾಬಾಬುಡನ್ ಬೆಟ್ಟದಲ್ಲಿರುವ ದೇವಿಯನ್ನು ನೋಡಲು ಹೋಗಿ ಬರುತ್ತಾನಂತೆ. ನಡೆದು ನಡೆದು ಮೆಟ್ಟು ಸವೆಯುತ್ತದೆ. ಆಗ ಚನ್ನಗಿರಿ, ಬಸವಾಪಟ್ಟಣದ ಮಾದಿಗರಿಗೆ ಕನಸು ಬೀಳುತ್ತದೆ. ಅವರು ಹೊಸ ಮೆಟ್ಟು ಹೊಲಿದು ತಂದು ಒಪ್ಪಿಸುತ್ತಾರೆ.

ಅರಸೀಕೆರೆ ಕಡೆಯ ಒಬ್ಬ ಹುಡುಗ ಕೇಳಿದ: "ಅವ್ರಿಗೆ ಕೂಲಿ ಎಷ್ಟ್ ಕೊಟ್ರಂತೆ ಸಾರ್?"

"ದೇವರ ಸೇವೆಗೆ ಕೂಲಿ ಕೇಳ್ತಾರೇನಪ್ಪಾ?" ಅಂದ ಗೈಡು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ತಾತ ಮೆಟ್ಟು ಹೊಲಿದೇ ನಮ್ಮಪ್ಪನನ್ನು ಸಾಕಿದವನು. ಹಾಗಿದ್ದೂ ನಕ್ಕೆ. ಈ ಲೇಖನ ಬರೆಯಲು ಆ ನಗುವೇ ಕಾರಣ.

ದೇವಾಲಯದ ಸುತ್ತ ಹಬ್ಬಿರುವ ಕತೆಗಳನ್ನು ಶಾಸನದ ಪಕ್ಕ ಇಟ್ಟು ಸುಳ್ಳು-ನಿಜ ವಿಂಗಡಿಸುವ ಕೆಲಸ ನಮ್ಮ ವಿಮರ್ಶೆಗೆ ಹೊಸದಲ್ಲ. ಬೇಲೂರಿನಲ್ಲಿ ಆ ಕೆಲಸ ಸುಲಭ ಕೂಡ. ಜಕಣಾಚಾರಿಯನ್ನೇ ತಗೊಳ್ಳಿ. ಮಗ ಡಂಕಣ ವಿಗ್ರಹದಲ್ಲಿ ಐಬು ಇದೆ ಎಂದ, ಕಲ್ಲಿನೊಳಗಿಂದ ಕಪ್ಪೆ ಬಂತು, ಅಪ್ಪ ಕೈ ಕತ್ತರಿಸಿಕೊಂಡ, ಕೈದಾಳದಲ್ಲಿ ದೇವರು ಕೈ ವಾಪಸು ಕೊಟ್ಟ. 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ಬಂದದ್ದೂ ಈ ಕತೆಯೇ. ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲೇ ಇದೆ. ಆದರೆ ಬೇಲೂರಿನ ಯಾವ ಶಾಸನದಲ್ಲೂ ಅವನಿಲ್ಲ. 1117ರಲ್ಲಿ ವಿಷ್ಣುವರ್ಧನ ವಿಜಯನಾರಾಯಣನೆಂದು ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಮದನಿಕೆಗಳ ಪೀಠದಲ್ಲಿ ಇರುವ ಹೆಸರುಗಳೇ ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಪದರಿ ಮಲ್ಲೋಜ. ಎದುರಾಳಿ ಶಿಲ್ಪಿಗಳನ್ನು ಹೀಗಳೆಯುವ ಬಿರುದುಗಳನ್ನೂ ಇವರು ತಮ್ಮ ಹೆಸರಿಗೆ ಅಂಟಿಸಿಕೊಂಡಿದ್ದಾರೆ. ಜಂಬದ ಜನ. ನನಗಂತೂ ಆ ಜಂಬ ಇಷ್ಟ. ಹತ್ತಾರು ಜನ ಪೈಪೋಟಿಯಲ್ಲಿ ಮಾಡಿದ ಕೆಲಸವನ್ನು ನಾವು ಒಬ್ಬ ಮಹಾಪುರುಷನಿಗೆ ಕೊಟ್ಟು, ಮಿಕ್ಕವರನ್ನು ಮರೆತುಬಿಟ್ಟೆವು. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಬೇಲೂರು ಯುನೆಸ್ಕೋ ಪಟ್ಟಿ ಸೇರಿದ ಮೇಲೂ ಹುಡುಗರ ಬಾಯಲ್ಲಿ ಬರುವುದು ಜಕಣನ ಹೆಸರೇ.

ಇಲ್ಲಿಗೆ ನಿಂತರೆ ನಮ್ಮ ವಿಚಾರವಾದಿ ಮಿತ್ರರಿಗೆ ಸಮಾಧಾನ. ಪುರಾಣ ಸುಳ್ಳು, ಶಾಸನ ನಿಜ. ಆದರೆ ಈ ನಿಜದೊಳಗೆ ನಾವು ಎಲ್ಲಿದ್ದೇವೆ ಎಂದು ಹುಡುಕಲು ಹೊರಟರೆ ಕತೆ ಬೇರೆಯಾಗುತ್ತದೆ. ಶಾಸನ ಹಾಕಿಸಿದವನು ರಾಜ. ಹೆಸರು ಕೊರೆದುಕೊಂಡವನು ಉಳಿ ಹಿಡಿದ ಓಜ. ಅವನ ಕೆಳಗಿದ್ದವರು? ಬಳಪದ ಕಲ್ಲು ಮೆದು, ಸರಿ. ಆದರೂ ಆ ನಕ್ಷತ್ರದ ಜಗಲಿಯನ್ನು ಎತ್ತಿ ನಿಲ್ಲಿಸುವಷ್ಟು ಕೆತ್ತುವುದೆಂದರೆ ಉಳಿ ಮೊಂಡಾಗುತ್ತಲೇ ಇರುತ್ತದೆ. ಉಳಿ ಸಾಣೆಗೆ, ಹದಕ್ಕೆ ಬರಬೇಕಾದರೆ ಕುಲುಮೆ ಬೇಕು. ಕುಲುಮೆಗೆ ತಿದಿ ಬೇಕು. ತಿದಿಗೆ ಹದ ಮಾಡಿದ ತೊಗಲು ಬೇಕು. ಬಂಡೆ ಎಳೆಯುವ ಎತ್ತಿನ ಕೊರಳಿಗೆ, ನೊಗಕ್ಕೆ ಮಿಣಿ ಬೇಕು. ಗರ್ಭಗುಡಿಯ ಮುಂದೆ ಮದ್ದಳೆ ನುಡಿಯಬೇಕಾದರೂ ಸತ್ತ ದನದ ಚರ್ಮವೇ ಬೇಕು. ಇಷ್ಟು ಹೇಳಲು ಶಾಸನದ ಆಧಾರ ಬೇಕಿಲ್ಲ. ಕೈಕೆಲಸ ಗೊತ್ತಿದ್ದರೆ ಸಾಕು. ಅಂದರೆ ಜಕಣಾಚಾರಿಯ ಕತೆ ದಾಸೋಜನನ್ನು ಮರೆಸಿತು. ದಾಸೋಜನ ಶಾಸನಕ್ಕೆ ತೊಗಲು ಹದ ಮಾಡಿದವನ ನೆನಪೇ ಇಲ್ಲ.

ಅವನು ನೆನಪಾಗಿರುವುದು ಆ "ಸುಳ್ಳು" ಕತೆಯಲ್ಲಿ ಮಾತ್ರ. ಮೆಟ್ಟಿನ ಕತೆಯಲ್ಲಿ. ದಲಿತ ವಿಮರ್ಶೆಗೆ ಬಿಕ್ಕಟ್ಟು ಶುರುವಾಗುವುದೇ ಇಲ್ಲಿ. ಕಟ್ಟುಕತೆ ಎಂದು ಎಸೆದರೆ ಬೇಲೂರಿನಲ್ಲಿ ನಮಗಿರುವ ಒಂದೇ ಗುರುತನ್ನೂ ಎಸೆದಂತೆ. ಹೆಮ್ಮೆಯೆಂದು ಎತ್ತಿಕೊಂಡರೆ ಅದರೊಳಗಿನ ಬಿಟ್ಟಿಚಾಕರಿಯನ್ನೂ ಎತ್ತಿಕೊಂಡಂತೆ.

ಬಿ.ಎಲ್. ರೈಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೈಸೂರು ಗೆಜೆಟಿಯರ್‌ನಲ್ಲಿ ಈ ಕತೆಯನ್ನು ದಾಖಲಿಸಿದ್ದಾನೆ. ಗೈಡು ಬಿಟ್ಟ ಒಂದು ವಿವರ ಅಲ್ಲಿದೆ: ಮೆಟ್ಟು ಒಪ್ಪಿಸುವ ಸಲುವಾಗಿ ಮಾತ್ರ ಅವರನ್ನು ದೇವಾಲಯದ ಅಂಗಳದೊಳಕ್ಕೆ ಬಿಡುತ್ತಿದ್ದರು. ಕೃಪೆಯ ಹಾಗೆ ಕಾಣುವ ಈ ಮಾತು, ಮಿಕ್ಕ ದಿನಗಳ ನಿಷೇಧಕ್ಕೆ ಬರೆದುಕೊಟ್ಟ ಸಾಕ್ಷಿ. ತೊಗಲು ದೇವರ ಪಾದದ ತನಕ ಹೋಗಬಹುದು. ಅದನ್ನು ಹೊಲಿದ ಕೈ ಅಂಗಳದಲ್ಲೇ ನಿಲ್ಲಬೇಕು. ಸತ್ತ ದನದ ಚರ್ಮಕ್ಕೆ ಮೈಲಿಗೆ ಕಳೆಯಿತು, ಬದುಕಿರುವ ಮನುಷ್ಯನಿಗೆ ಕಳೆಯಲಿಲ್ಲ. 1948ರ ಮೈಸೂರು ದೇವಾಲಯ ಪ್ರವೇಶ ಕಾಯ್ದೆ, ಆಮೇಲೆ ಸಂವಿಧಾನದ 17ನೇ ವಿಧಿ ಬಂದ ಮೇಲೆ ಕಾನೂನಿನ ಮಟ್ಟಿಗೆ ಆ ಅಂಗಳದ ಗೆರೆ ಅಳಿಸಿತು. ಕತೆ ಮಾತ್ರ ಹಾಗೇ ಉಳಿದಿದೆ.

ಇನ್ನು ಆ ಕನಸು. ನಮ್ಮೂರಲ್ಲಿ ಗೌಡರಿಗೆ ಮೆಟ್ಟು ಬೇಕಾದರೆ ಹೇಳಿಕಳಿಸುತ್ತಿದ್ದರು. ತಳವಾರ ಕೇರಿಯ ಬಾಯಲ್ಲಿ ನಿಂತು ಕೂಗುತ್ತಿದ್ದ. ತಾತ ಹೊಲಿದು ಕೊಟ್ಟು ಬರುತ್ತಿದ್ದ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತರೆ ಆಯವೆಂದು ಒಂದಿಷ್ಟು ರಾಗಿ. ಅದೂ ಅವರ ಮನಸ್ಸು ಬಂದಷ್ಟು. ಬೇಲೂರಿನ ಕತೆಯಲ್ಲಿ ಕನಸು ಮಾಡುವುದು ತಳವಾರನ ಕೆಲಸವನ್ನೇ. ತಳವಾರನಿಗಾದರೆ "ಇವತ್ತು ಮೈ ಹುಷಾರಿಲ್ಲ ಕಣಣ್ಣ" ಅನ್ನಬಹುದು. ಕನಸಿಗೆ ಹಾಗನ್ನಲು ಬರುವುದಿಲ್ಲ. ಅಪ್ಪಣೆ ಹೊರಗಿನಿಂದ ಬರದೆ ಕೆಲಸಗಾರನ ತಲೆಯೊಳಗೇ ಹುಟ್ಟಿದಂತೆ ಕಾಣಿಸುವುದು ಯಜಮಾನಿಕೆಯ ಅತಿ ಜಾಣ ರೂಪ. ಆಗ ಕೆಲಸ ಭಕ್ತಿಯಾಗುತ್ತದೆ, ಕೂಲಿ ಕೇಳುವುದು ಅಪಚಾರವಾಗುತ್ತದೆ.

"ಸೇವೆ" ಎಂಬ ಪದ ಮಾಡುವ ಕೆಲಸ ಸಣ್ಣದಲ್ಲ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಲು ಹೋದ ದಸಂಸ ಕಾರ್ಯಕರ್ತರಿಗೆ ಹೊಡೆತ ಬಿತ್ತು. ಬೆತ್ತಲೆ ಅನ್ನುವುದರ ಮುಂದೆ ಸೇವೆ ಅಂತ ಸೇರಿಸಿದ ತಕ್ಷಣ ಅವಮಾನ ಹರಕೆಯಾಗಿಬಿಟ್ಟಿತ್ತು.

ಅದೇ ಹನ್ನೆರಡನೇ ಶತಮಾನದ ಇನ್ನೊಂದು ಮೆಟ್ಟು ನೆನಪಾಗುತ್ತದೆ. ಕಲ್ಯಾಣದ ಹರಳಯ್ಯ-ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದರೆಂಬ ಕತೆ. ಅದೂ ಪುರಾಣವೇ, ಅಲ್ಲೂ ಕೂಲಿಯಿಲ್ಲ. ಆದರೆ ಅಲ್ಲಿ ಹೊಲಿದವನಿಗೆ ಹೆಸರಿದೆ, ಹೆಂಡತಿ ಇದ್ದಾಳೆ, ಮಗನಿದ್ದಾನೆ. ಮೆಟ್ಟು ಹಾಕಿಕೊಳ್ಳಬೇಕಾದವನು ಅದನ್ನು ತಲೆ ಮೇಲೆ ಹೊತ್ತುಕೊಂಡ. ಮುಂದೆ ಆ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ ಅಪ್ಪಂದಿರ ಪ್ರಾಣ ಹೋಯಿತು. ಹರಳಯ್ಯನ ಮೆಟ್ಟು ಊರನ್ನೇ ಅಲ್ಲಾಡಿಸಿತು. ಚೆನ್ನಿಗರಾಯನ ಮೆಟ್ಟು ಯಾರನ್ನೂ ಅಲ್ಲಾಡಿಸಲಿಲ್ಲ. ಸವೆಯಿತು, ಇನ್ನೊಂದು ಜೊತೆ ಬಂತು. ತರುವವರು ಬರೀ "ಮಾದಿಗರು".

ಅಂಬೇಡ್ಕರ್ 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಶುರುಮಾಡಿದರು. ಐದು ವರ್ಷದ ಮೇಲೆ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿ ಬೆನ್ನು ತಿರುಗಿಸಿದರು. ಡಿ.ಆರ್. ನಾಗರಾಜ್ ತೊಂಬತ್ತರ ದಶಕದಲ್ಲಿ, ದಲಿತ ಚಳವಳಿ ತನ್ನ ಸಾಂಸ್ಕೃತಿಕ ನೆನಪುಗಳನ್ನು ಕಳಚಿಕೊಳ್ಳಬಾರದೆಂದು ವಾದಿಸಿದರು. ಇಬ್ಬರನ್ನೂ ಪಾಠ ಮಾಡುವ ನಾನು ತುಂಬ ಕಾಲ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದೇ ಅಂದುಕೊಂಡಿದ್ದೆ. ಆ ಹುಡುಗ ಆರಿಸಿಕೊಳ್ಳಲಿಲ್ಲ. ಕತೆ ಸುಳ್ಳು ಅನ್ನಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಕತೆಯನ್ನು ಪೂರ್ತಿ ನಂಬಿದವನ ಹಾಗೆ ಅದರೊಳಕ್ಕೆ ಹೋಗಿ ಲೆಕ್ಕ ಕೇಳಿದ. ನಾಗರಾಜ್ ಹೇಳುವ ನೆನಪನ್ನು ನಾನು ಒಪ್ಪುತ್ತೇನೆ, ಆದರೆ ಈ ಲೆಕ್ಕದ ಸಮೇತ. ಲೆಕ್ಕ ಬಿಟ್ಟ ನೆನಪು ನಮ್ಮನ್ನು ಮತ್ತೆ ಅದೇ ಅಂಗಳದಲ್ಲಿ ತಂದು ನಿಲ್ಲಿಸುತ್ತದೆ.

ಪ್ರವಾಸ ಮುಗಿದ ಮುಂದಿನ ವಾರ ಆ ಹುಡುಗ ಸ್ಟಾಫ್ ರೂಮಿಗೆ ಬಂದ. ಊರಲ್ಲಿ ತಾತನಿಗೆ ಈ ಕತೆ ಹೇಳಿದನಂತೆ. ಮುದುಕ ಈಗ ಹೊಲಿಯುವುದಿಲ್ಲ, ಕಣ್ಣು ಮಂಜು.

"ಅಳತೆ ಯಾರ್ ಕೊಟ್ರಂತ್ಲಾ?" ಅಂದನಂತೆ ತಾತ.

"ಅಳತೆ ಇಲ್ಲ ತಾತ, ಕನಸು ಬಿತ್ತಂತೆ."

"ಕನಸ್ನಾಗೆ ಅಟ್ಟೆ ಅಳತೆ ಸಿಕ್ತದೇನ್ಲಾ? ಯಾರೋ ಒಳೀಕ್ ಹೋಗಿ ಕಾಲ್ ಹಿಡ್ದು ಅಳ್ದಿರ್ಬೇಕು, ತಗೋ."

ಆಮೇಲೆ ಅಷ್ಟು ದೊಡ್ಡ ಮೆಟ್ಟಿಗೆ ಕೋಣದ ತೊಗಲೇ ಆಗಬೇಕು, ಸುಣ್ಣದಲ್ಲಿ ಇಷ್ಟು ದಿನ, ತಂಗಡಿ ತೊಗಟೆ ನೀರಲ್ಲಿ ಇಷ್ಟು ದಿನ, ಉಂಗುಟ ಕೂರಿಸಲು ಒಂದು ದಿನ ಎಂದು ಬೆರಳು ಮಡಚುತ್ತಾ ಕೂತನಂತೆ. ಹುಡುಗ ಅದನ್ನೆಲ್ಲ ಪ್ರವಾಸದ ವರದಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ.