ಮೆಸ್ಸಿಯ ಜತೆಗಾರ ಎಂದರೆ ಸಾಲದು

ಏಂಜೆಲ್ ಡಿ ಮರಿಯಾ ಬಗ್ಗೆ ಫುಟ್‌ಬಾಲ್ ಬಲ್ಲವರ ಬಾಯಲ್ಲಿ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ಕಾಲಿಗೆ ಚಕ್ರ ಕಟ್ಟಿಕೊಂಡು ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ, ಎಲ್ಲೂ ಬೇರು ಬಿಡಲಿಲ್ಲ, ಇಂಗ್ಲೆಂಡಿನಲ್ಲಂತೂ ಸೋತೇಹೋದ ಎಂಬುದು ಒಂದು. ಅರ್ಜೆಂಟೀನಾ ತಂಡದಲ್ಲಿ ಆತ ಮೆಸ್ಸಿಗೆ ಒಬ್ಬ ಒಳ್ಳೆಯ ಜತೆಗಾರ, ಅಷ್ಟೇ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಎರಡನೆಯದು ಹೊಗಳಿಕೆಯಂತೆ ಕೇಳಿಸುವುದರಿಂದ ಹೆಚ್ಚು ಅನ್ಯಾಯ ಮಾಡುತ್ತದೆ.

ಅಲೆದಾಟದ ಮಾತು ಮೊದಲು. ರೊಸಾರಿಯೊ ಸೆಂಟ್ರಲ್‌ನ ಹುಡುಗ 2007ರಲ್ಲಿ ಲಿಸ್ಬನ್ನಿನ ಬೆನ್ಫಿಕಾ ಸೇರಿದ. 2010ರಲ್ಲಿ ರಿಯಲ್ ಮ್ಯಾಡ್ರಿಡ್, 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, 2015ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್, 2022ರಲ್ಲಿ ಯುವೆಂಟಸ್, ಮರುವರ್ಷ ಮತ್ತೆ ಬೆನ್ಫಿಕಾ, 2025ರಲ್ಲಿ ಹುಟ್ಟೂರಿನ ಕ್ಲಬ್ಬು. ಪಟ್ಟಿ ಉದ್ದವಿದೆ, ನಿಜ. ಆದರೆ ಪ್ಯಾರಿಸ್‌ನಲ್ಲಿ ಆಡಿದ್ದು ಏಳು ಋತು, ಮ್ಯಾಡ್ರಿಡ್‌ನಲ್ಲಿ ನಾಲ್ಕು, ಬೆನ್ಫಿಕಾದಲ್ಲಿ ಎರಡು ಸಲ ಸೇರಿ ಐದು. ಒಂದೇ ವರ್ಷಕ್ಕೆ ಬಿಟ್ಟು ಹೊರಟದ್ದು ಯುನೈಟೆಡ್ ಮತ್ತು ಯುವೆಂಟಸ್‌ಗಳನ್ನು ಮಾತ್ರ. ತಿರುಗಾಟದಿಂದ ತಿರುಗಾಟಕ್ಕೆ ಮೇಳ ಬದಲಿಸಿದ ಯಕ್ಷಗಾನ ಕಲಾವಿದನನ್ನು ನಾವು ನೆಲೆಯಿಲ್ಲದವನೆಂದು ಹಳಿಯುವುದಿಲ್ಲ, ವೇಷ ಹೇಗಿತ್ತು ಎಂದು ಕೇಳುತ್ತೇವೆ. ವಿಂಗರ್ ವಿಷಯದಲ್ಲೂ ಕೇಳಬೇಕಾದದ್ದು ಅದನ್ನೇ.

ಮ್ಯಾಡ್ರಿಡ್‌ನ ಕೊನೆಯ ವರ್ಷವನ್ನು ನೋಡಿ. 2013ರಲ್ಲಿ ಭಾರೀ ಹಣ ತೆತ್ತು ಗ್ಯಾರೆತ್ ಬೇಲ್‌ನನ್ನು ತಂದ ಮೇಲೆ ಬಲ ಅಂಚಿನಲ್ಲಿ ಡಿ ಮರಿಯಾಗೆ ಜಾಗವೇ ಉಳಿಯಲಿಲ್ಲ. ಬೇರೆ ವಿಂಗರ್ ಆಗಿದ್ದರೆ ಮುಖ ಸಿಂಡರಿಸಿಕೊಂಡು ಬೆಂಚಿನಲ್ಲಿ ಕೂರುತ್ತಿದ್ದ. ಕೋಚ್ ಕಾರ್ಲೊ ಆನ್ಸೆಲೊಟ್ಟಿ ಆತನನ್ನು ಮಿಡ್‌ಫೀಲ್ಡಿನ ಮೂವರಲ್ಲಿ ಎಡಗಡೆಯವನನ್ನಾಗಿ ನಿಲ್ಲಿಸಿದ. ಅಲ್ಲಿ ಓಟಕ್ಕಿಂತ ಹೊಣೆ ಹೆಚ್ಚು: ರೊನಾಲ್ಡೊ ಮುಂದೆಯೇ ಉಳಿದಾಗ ಹಿಂದೆ ತೆರೆದುಕೊಳ್ಳುವ ಜಾಗವನ್ನು ಕಾಯಬೇಕು, ಚೆಂಡು ಸಿಕ್ಕೊಡನೆ ಅದನ್ನು ಎದುರಾಳಿಯ ಅಂಗಳದವರೆಗೆ ಕಾಲಲ್ಲೇ ಒಯ್ಯಬೇಕು. ಎರಡನ್ನೂ ಮಾಡುತ್ತಲೇ ಆ ಋತುವಿನ ಸ್ಪ್ಯಾನಿಷ್ ಲೀಗಿನಲ್ಲಿ 17 ಗೋಲುಗಳಿಗೆ ಪಾಸ್ ಒದಗಿಸಿದ. ಲೀಗಿನಲ್ಲೇ ಅತಿ ಹೆಚ್ಚು. ಲಿಸ್ಬನ್ನಿನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಎಲ್ಲರಿಗೂ ನೆನಪಿರುವುದು ಸೆರ್ಜಿಯೊ ರಾಮೋಸ್‌ನ ತಲೆಗೋಲು. ಹೆಚ್ಚುವರಿ ಅವಧಿಯಲ್ಲಿ ಅಟ್ಲೆಟಿಕೊ ಆಟಗಾರರ ಕಾಲು ಸೋತಿದ್ದಾಗ ಎಡದಿಂದ ನುಗ್ಗಿ ಡಿಫೆಂಡರ್‌ಗಳನ್ನು ಹಿಂದೆ ಹಾಕಿ ಒದ್ದವನು ಡಿ ಮರಿಯಾ. ಗೋಲಿ ಕೂರ್ತುವಾ ಕಾಲಿಗೆ ಬಡಿದು ಮೇಲೆದ್ದ ಆ ಚೆಂಡನ್ನೇ ಬೇಲ್ ತಲೆಯಿಂದ ಬಲೆಗೆ ಸೇರಿಸಿದ್ದು. ಪಂದ್ಯದ ಶ್ರೇಷ್ಠ ಆಟಗಾರನ ಗೌರವ ಡಿ ಮರಿಯಾಗೇ ಸಂದಿತು.

ಮೂರು ತಿಂಗಳಲ್ಲಿ ಆತನನ್ನು ಮಾರಿದರು. ವಿಶ್ವಕಪ್‌ನಲ್ಲಿ ಮಿಂಚಿದ ಹಾಮೆಸ್ ರೊಡ್ರಿಗಸ್ ಬಂದಿದ್ದ, ಜರ್ಸಿ ಮಾರಲು ಹೊಸ ಮುಖ ಬೇಕಿತ್ತು. ಮುಂದಿನ ಋತುವಿನ ಮೊದಲರ್ಧದಲ್ಲಿ ಮ್ಯಾಡ್ರಿಡ್ ಸತತ 22 ಪಂದ್ಯ ಗೆದ್ದದ್ದು ನಿಜ. ಆದರೆ ಲೀಗೂ ಸಿಗಲಿಲ್ಲ, ಚಾಂಪಿಯನ್ಸ್ ಲೀಗೂ ಉಳಿಯಲಿಲ್ಲ, ಆನ್ಸೆಲೊಟ್ಟಿಯ ಕೆಲಸವೂ ಹೋಯಿತು. ಇದನ್ನು ಆಟಗಾರನ ಚಂಚಲತೆ ಎಂದು ಬರೆಯುವವರು ಕ್ಲಬ್ಬಿನ ಲೆಕ್ಕಪುಸ್ತಕದ ತಪ್ಪನ್ನು ಅವನ ತಲೆಗೆ ಕಟ್ಟುತ್ತಿದ್ದಾರೆ.

ಯುನೈಟೆಡ್ ಆತನಿಗೆ ಕೊಟ್ಟದ್ದು 59.7 ಮಿಲಿಯನ್ ಪೌಂಡ್, ಅಂದಿಗೆ ಬ್ರಿಟನ್ನಿನ ದಾಖಲೆ. ಆ ಬೆಲೆಯೇ ಆತನಿಗೆ ಶಾಪವಾಯಿತು. ಕೋಚ್ ವಾನ್ ಗಾಲ್ ಆತನನ್ನು ಎಡಕ್ಕೆ, ಬಲಕ್ಕೆ, ನಡುವಿಗೆ, ಒಮ್ಮೊಮ್ಮೆ ಸ್ಟ್ರೈಕರ್ ಜಾಗಕ್ಕೂ ತಳ್ಳಿದ. ನಡುವೆ ಹೆಂಡತಿ ಮಗಳೊಂದಿಗಿದ್ದಾಗಲೇ ಮನೆಗೆ ಕಳ್ಳರು ನುಗ್ಗಲು ಯತ್ನಿಸಿದರು. ಅಷ್ಟಾದರೂ 27 ಲೀಗ್ ಪಂದ್ಯಗಳಲ್ಲಿ ಮೂರು ಗೋಲು, ಹತ್ತು ಅಸಿಸ್ಟ್. ದುಬಾರಿ ವರ್ಷ ಎನ್ನಿ, ಒಪ್ಪುತ್ತೇನೆ. ಆಟಗಾರನ ಅಳತೆಯೇ ಅದು ಎಂದರೆ ಒಪ್ಪುವುದಿಲ್ಲ. ಅಲ್ಲಿಂದ ಪ್ಯಾರಿಸ್‌ಗೆ ಹೋದವನು ಏಳು ವರ್ಷದಲ್ಲಿ 92 ಗೋಲು ಹೊಡೆದ. 2017ರಲ್ಲಿ ತನ್ನ ಹುಟ್ಟುಹಬ್ಬದಂದೇ ಬಾರ್ಸಿಲೋನಾ ವಿರುದ್ಧದ 4–0 ಗೆಲುವಿನಲ್ಲಿ ಎರಡು ಅವನವೇ.

ಇನ್ನು ಅರ್ಜೆಂಟೀನಾ. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ತೊಡೆಗೆ ಪೆಟ್ಟಾಗಿ ಫೈನಲ್ ತಪ್ಪಿತು. ಆಡಬೇಡ ಎಂದು ಮ್ಯಾಡ್ರಿಡ್‌ನಿಂದ ಬಂದ ಪತ್ರವನ್ನು ಓದದೆಯೇ ಹರಿದೆ ಎಂದು ಆತನೇ ಬರೆದುಕೊಂಡಿದ್ದಾನೆ. ಆದರೂ ಮೈದಾನಕ್ಕೆ ಇಳಿಯಲಾಗಲಿಲ್ಲ. 2015ರ ಕೋಪಾ ಅಮೆರಿಕ ಫೈನಲ್‌ನಲ್ಲಿ ಅರ್ಧ ಗಂಟೆ ತುಂಬುವ ಮೊದಲೇ ಗಾಯಗೊಂಡು ಹೊರನಡೆದ. 2016ರ ಕೋಪಾ ಫೈನಲ್‌ನಲ್ಲಿ ಗಾಯದಿಂದ ಮರಳಿದ್ದ ಆತನನ್ನು, ತಂಡ ಹತ್ತು ಮಂದಿಗೆ ಇಳಿದಿದ್ದಾಗ, ದ್ವಿತೀಯಾರ್ಧದ ಆರಂಭದಲ್ಲೇ ಹೊರಕ್ಕೆ ಕರೆಸಿಕೊಂಡರು. ಮೂರೂ ಫೈನಲ್‌ಗಳಲ್ಲಿ ಮೆಸ್ಸಿ ಕೊನೆಯವರೆಗೆ ಮೈದಾನದಲ್ಲಿದ್ದ. ಮೂರರಲ್ಲೂ ಅರ್ಜೆಂಟೀನಾ ಆಟದ ಅವಧಿಯಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ.

ಡಿ ಮರಿಯಾನ ಮೈ ಗಟ್ಟಿಯಾಗಿದ್ದ ಫೈನಲ್‌ಗಳ ಕತೆ ಬೇರೆ. 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಬಂದದ್ದು ನೈಜೀರಿಯಾ ವಿರುದ್ಧ ಆತ ಹೊಡೆದ ಏಕೈಕ ಗೋಲಿನಿಂದ. 2021ರಲ್ಲಿ ಮರಕಾನಾದಲ್ಲಿ ಬ್ರೆಜಿಲ್ ಎದುರು ಡಿ ಪಾಲ್‌ನ ಉದ್ದ ಪಾಸನ್ನು ಹಿಡಿದು ಗೋಲಿ ಎಡರ್ಸನ್ ತಲೆ ಮೇಲಿಂದ ತೇಲಿಸಿದ. ಅದೂ ಏಕೈಕ ಗೋಲು. ಹಿರಿಯರ ತಂಡದ 28 ವರ್ಷಗಳ ಪ್ರಶಸ್ತಿ ಬರ ಅಲ್ಲಿಗೆ ಮುಗಿಯಿತು. 2022ರಲ್ಲಿ ವೆಂಬ್ಲಿಯಲ್ಲಿ ಇಟಲಿ ವಿರುದ್ಧ ಒಂದು. ಅದೇ ವರ್ಷ ಕತಾರ್‌ನ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಮತ್ತೊಂದು.

ಅದೃಷ್ಟದ ಮಾತು ಇಲ್ಲಿ ನಡೆಯದು, ಏಕೆಂದರೆ ಕತಾರ್‌ನಲ್ಲಿ ನಡೆದದ್ದು ಯೋಜನೆ. ನಾಕೌಟ್ ಹಂತದಲ್ಲಿ ಗಾಯದಿಂದಾಗಿ ಆತ ಆಡಿದ್ದೇ ಕೆಲವು ನಿಮಿಷ. ಆದರೂ ಕೋಚ್ ಸ್ಕಲೋನಿ ಫೈನಲ್‌ನಲ್ಲಿ ಆತನನ್ನು ಬಲಬದಿಯ ಬದಲು ಎಡಕ್ಕೆ ನಿಲ್ಲಿಸಿದ. ಡೆಂಬೆಲೆ ಆತನನ್ನು ಎಡವಿಸಿ ಬೀಳಿಸಿದ್ದು ಅಲ್ಲಿ, ಪೆನಾಲ್ಟಿ ಸಿಕ್ಕಿದ್ದು ಅದಕ್ಕೆ. 36ನೇ ನಿಮಿಷದ ಎರಡನೇ ಗೋಲೂ ಅದೇ ಬದಿಯಿಂದ. ಫ್ರಾನ್ಸ್ ಕೋಚ್ ಡೆಷಾಂ 41ನೇ ನಿಮಿಷದಲ್ಲೇ ಡೆಂಬೆಲೆಯನ್ನೂ ಜಿರೂನನ್ನೂ ಹೊರಗೆ ಕರೆಸಿದ. ವಿಶ್ವಕಪ್ ಫೈನಲ್‌ನಲ್ಲಿ ಕೋಚ್ ಒಬ್ಬ ವಿರಾಮಕ್ಕೂ ಕಾಯದೆ ಹೀಗೆ ಕೈಚೆಲ್ಲುವುದು ಅಪರೂಪ. 64ನೇ ನಿಮಿಷದಲ್ಲಿ ಡಿ ಮರಿಯಾ ಹೊರಬಂದಾಗ ಅಂಕ 2–0. 81ನೇ ನಿಮಿಷಕ್ಕೆ 2–2. ಫ್ರಾನ್ಸ್ ಇಳಿಸಿದ ಹೊಸ ಕಾಲುಗಳೂ ಎಂಬಾಪೆಯೂ ಅದಕ್ಕೆ ಕಾರಣರು, ಅದನ್ನು ಮರೆಮಾಚಬೇಕಿಲ್ಲ. ಆದರೆ ಎಡ ಅಂಚಿನಲ್ಲಿ ಚೆಂಡನ್ನು ಹಿಡಿದಿಟ್ಟು ಎದುರಾಳಿಯನ್ನು ಹಿಂದಕ್ಕೆ ಓಡಿಸುತ್ತಿದ್ದವನು ಆಗ ಬೆಂಚಿನಲ್ಲಿದ್ದ.

ಆತನ ಮೈ ಪದೇಪದೇ ಕೈಕೊಟ್ಟದ್ದು ದೊಡ್ಡ ಕೊರತೆಯೇ. ದೂರುವವರು ಅದನ್ನು ಹಿಡಿದು ವಾದಿಸಲಿ, ಅದರಲ್ಲಿ ತೂಕವಿದೆ. ಮೆಸ್ಸಿಯ ಜತೆಗಾರ ಎಂಬ ಮಾತಿನಲ್ಲಿ ಅದಿಲ್ಲ. ಆ ಮೂರು ಸೋಲುಗಳಲ್ಲೂ ಮೆಸ್ಸಿ ಇದ್ದ, ಈ ಗೆಲುವುಗಳಲ್ಲೂ ಇದ್ದ. ಎರಡರ ನಡುವೆ ಬದಲಾದ ಹೆಸರುಗಳನ್ನು ಬರೆದು ನೋಡಿದರೆ ಡಿ ಮರಿಯಾನ ಹೆಸರನ್ನು ಮೇಲೆಯೇ ಬರೆಯಬೇಕಾಗುತ್ತದೆ.